ತಾಮ್ರದ ಕುಲುಮೆ ಮುಚ್ಚಿ 40 ವರ್ಷವಾಯಿತು, ನಮ್ಮ ಹಿತ್ತಲ ಮಣ್ಣಿನಲ್ಲಿ ಆರ್ಸೆನಿಕ್ ಇನ್ನೂ ಏಕಿದೆ?

ಕೆಸುವಿನೆಲೆ
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾವು ವಾಷಿಂಗ್ಟನ್ ರಾಜ್ಯದ ಫೆಡರಲ್ ವೇಯಲ್ಲಿ ಒಂದು ಹಳೆಯ ಮನೆ ಕೊಂಡೆವು. ಹಿಂಬದಿಯಲ್ಲಿ ಇಬ್ಬರು ಸೇರಿದರೂ ತಬ್ಬಲಾಗದಷ್ಟು ದಪ್ಪದ ಸೀಡರ್ ಮರವಿದೆ. ಮಲೆನಾಡಿನ ಸಾಗರದ ಕಡೆಯವಳಾದ ನನಗೆ ಮನೆಗಿಂತ ಮೊದಲು ಹಿಡಿಸಿದ್ದು ಆ ಹಿತ್ತಲೇ. ಇದು ಟಕೋಮದ ತಾಮ್ರದ ಕುಲುಮೆಯ ಹೊಗೆ ಬಿದ್ದ ಪ್ರದೇಶವೆಂದು ಕೊಳ್ಳುವಾಗಲೇ ಹೇಳಿದ್ದರು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ವಸಂತದಲ್ಲಿ ಮೂರು ಕಡೆಯ ಮಣ್ಣನ್ನು ಪರೀಕ್ಷೆಗೆ ಕಳಿಸಿದೆ. ಸೀಡರ್ ಮರದ ಬುಡದಲ್ಲಿ ಆರ್ಸೆನಿಕ್ 140 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 140 ಪಾಲು), ತರಕಾರಿ ಪಾತಿಯಲ್ಲಿ 64, ಮನೆಯ ಮುಂದಿನ ಹುಲ್ಲುಹಾಸಿನಲ್ಲಿ 18 ಬಂದಿದೆ. ಸೀಸವೂ ಅದೇ ಕ್ರಮದಲ್ಲಿ 310, 150 ಮತ್ತು 40 ಇದೆ. ಈ ರಾಜ್ಯದ ಮಿತಿ ಆರ್ಸೆನಿಕ್‌ಗೆ 20, ಸೀಸಕ್ಕೆ 250. ಕುಲುಮೆಯಿದ್ದ, ಟಕೋಮಕ್ಕೆ ಅಂಟಿಕೊಂಡ ರಸ್ಟನ್ ಇಲ್ಲಿಂದ ನೀರಿನಾಚೆ ಸುಮಾರು ಹತ್ತು ಮೈಲಿ ದೂರದಲ್ಲಿದೆ. ವರ್ಷದಲ್ಲಿ ಏಳೆಂಟು ತಿಂಗಳು ಮಳೆ ಹಿಡಿದುಕೊಳ್ಳುವ ಈ ಊರಿನಲ್ಲಿ ಅದು 40 ವರ್ಷದಲ್ಲಿ ತೊಳೆದುಹೋಗಬೇಕಿತ್ತಲ್ಲವೇ? ಒಂದೇ ಹಿತ್ತಲಿನಲ್ಲಿ 140 ಮತ್ತು 18 ಎರಡೂ ಹೇಗೆ ಬರುತ್ತವೆ?

ಪಕ್ಕದ ಮನೆಯ ಹಿರಿಯರು, "ಮೂಳೆಪುಡಿ ಮತ್ತು ಸುಣ್ಣ ಹಾಕು, ಎಲ್ಲವೂ ಕಟ್ಟಿಕೊಳ್ಳುತ್ತದೆ" ಎನ್ನುತ್ತಾರೆ. ಹಾಕಬಹುದೇ? ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಮಣ್ಣೆಂದರೆ ಅವಳಿಗೆ ಪ್ರಾಣ.

ತೋಟದ ಹುಚ್ಚ
ನಿಮ್ಮ ನೆರೆಯವರು ಹೇಳಿದ್ದು ಸರಿ. ನಾನೂ ಮೂಳೆಪುಡಿ ಹಾಕಿದ್ದೇನೆ, ಅದರಲ್ಲಿರುವ ರಂಜಕವು ವಿಷಲೋಹವನ್ನು ಹಿಡಿದಿಡುತ್ತದೆ. ನಿಶ್ಚಿಂತೆಯಿಂದ ಹಾಕಿ.

ಪ್ರಯೋಗಶಾಲೆ
ದಯವಿಟ್ಟು ಹಾಕಬೇಡಿ! ಆ ಸಲಹೆ ಸೀಸಕ್ಕೆ ಸರಿ, ಆರ್ಸೆನಿಕ್‌ಗೆ ತಿರುಗುಬಾಣ.

ಸೀಸವು ರಂಜಕದೊಡನೆ ಸೇರಿದರೆ ನೀರಿನಲ್ಲಿ ಕರಗದ ಗಟ್ಟಿ ಖನಿಜವಾಗುತ್ತದೆ, ಅಲ್ಲಿಗೆ ಅದರ ಆಟ ಮುಗಿಯುತ್ತದೆ. ಆರ್ಸೆನಿಕ್‌ನ ಕಥೆ ಬೇರೆ. ಗಾಳಿಯಾಡುವ ಮಣ್ಣಿನಲ್ಲಿ ಅದು ಆಮ್ಲಜನಕ ಕೂಡಿದ ಆರ್ಸೆನೇಟ್ ಎಂಬ ರೂಪದಲ್ಲಿರುತ್ತದೆ. ಆರ್ಸೆನೇಟ್ ಮತ್ತು ರಂಜಕದ ರೂಪವಾದ ಫಾಸ್ಫೇಟ್ ಆಕಾರದಲ್ಲೂ ವಿದ್ಯುದಂಶದಲ್ಲೂ ಅಣ್ಣತಮ್ಮಂದಿರಂತೆ ಇರುವುದರಿಂದ ಎರಡೂ ಕುಳಿತುಕೊಳ್ಳುವ ಜಾಗ ಒಂದೇ, ಕಬ್ಬಿಣದ ಮತ್ತು ಅಲ್ಯೂಮಿನಿಯಂನ ತುಕ್ಕಿನಂಥ ಕಣಗಳ ಮೈ. ನೀವು ಬೊಗಸೆಗಟ್ಟಲೆ ರಂಜಕ ಸುರಿದರೆ ಅದು ಬಂದು ಆರ್ಸೆನಿಕ್ ಅನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ, ಎದ್ದ ಆರ್ಸೆನಿಕ್ ಮಣ್ಣಿನ ನೀರಿಗೆ ಬರುತ್ತದೆ. ಇದೇ ರಾಜ್ಯದ ವೆನಾಚಿ ಕಡೆಯ ಹಳೆಯ ಸೇಬಿನ ತೋಟಗಳಿಗೆ ಕಳೆದ ಶತಮಾನದ ಮೊದಲರ್ಧದಲ್ಲಿ ಲೆಡ್ ಆರ್ಸೆನೇಟ್ ಎಂಬ ಕೀಟನಾಶಕವನ್ನು ಧಾರಾಳವಾಗಿ ಸಿಂಪಡಿಸಿದ್ದರು. ಅಂಥ ಮಣ್ಣಿಗೆ ರಂಜಕದ ಗೊಬ್ಬರ ಕೊಟ್ಟಾಗ ಸೀಸ ಅಲ್ಲೇ ಉಳಿದು ಆರ್ಸೆನಿಕ್ ಕೆಳಕ್ಕಿಳಿದದ್ದನ್ನು ಮಣ್ಣುವಿಜ್ಞಾನಿಗಳು ತೋರಿಸಿದ್ದಾರೆ.

ಸುಣ್ಣದ ಮಾತೂ ಹಾಗೆಯೇ. ಮಣ್ಣು ತುಸು ಆಮ್ಲೀಯವಾಗಿರುವಾಗ ಕಬ್ಬಿಣದ ಕಣಗಳ ಮೈಮೇಲೆ ಧನ ವಿದ್ಯುದಂಶವಿರುತ್ತದೆ, ಋಣ ವಿದ್ಯುದಂಶದ ಆರ್ಸೆನೇಟ್ ಅದಕ್ಕೆ ಅಂಟಿಕೊಂಡಿರುತ್ತದೆ. ಸುಣ್ಣ ಹೆಚ್ಚಾಗಿ ಮಣ್ಣು ಕ್ಷಾರೀಯವಾಗುತ್ತಾ ಪಿಎಚ್ 8ರ ಕಡೆಗೆ ಸರಿದಂತೆ ಆ ಹಿಡಿತ ಸಡಿಲವಾಗುತ್ತದೆ. ಸೀಸಕ್ಕೆ ಇದರ ವಿರುದ್ಧ. ಒಂದೇ ಚಿಮಣಿಯಿಂದ ಒಟ್ಟಿಗೆ ಬಂದು ಬಿದ್ದ ಎರಡು ವಿಷಗಳಲ್ಲಿ ಒಂದನ್ನು ಮಲಗಿಸುವ ಮದ್ದು ಇನ್ನೊಂದನ್ನು ಎಬ್ಬಿಸುತ್ತದೆ, ಅದೇ ಇಲ್ಲಿಯ ಪೇಚು.

ತೋಟದ ಹುಚ್ಚ
ನಾನು ಈಗಾಗಲೇ ಎರಡು ಚೀಲ ಹಾಕಿ ಆಗಿದೆ. ಈಗ ಹೇಳುತ್ತೀರಲ್ಲ!

ಪ್ರಯೋಗಶಾಲೆ
ನಿಮ್ಮದು ಬೆಲ್‌ವ್ಯೂ ಎಂದು ಹಿಂದೆ ಬರೆದ ನೆನಪು. ಅಲ್ಲಿಯ ಮಣ್ಣನ್ನು ಪರೀಕ್ಷೆ ಮಾಡಿಸಿದ್ದೀರಾ, ಅಥವಾ ಯಾರೋ ಹೇಳಿದರೆಂದು ಹಾಕಿದಿರಾ? ಗಿಡಕ್ಕೆ ಬೇಕಾದಷ್ಟು ರಂಜಕ ಹಾಕುವುದು ತಪ್ಪಲ್ಲ. "ವಿಷ ಕಟ್ಟಲಿ" ಎಂದು ಹತ್ತು ಪಟ್ಟು ಹಾಕುವುದು ಮಾತ್ರ ತಪ್ಪು.

ತೋಟದ ಹುಚ್ಚ
ಪರೀಕ್ಷೆ ಮಾಡಿಸಿಲ್ಲ, ಒಪ್ಪಿದೆ.

ಕುಲುಮೆ
ಇಡೀ ಜೀವನ ಲೋಹ ಕರಗಿಸುವ ಉದ್ಯೋಗದಲ್ಲಿ ಕಳೆದವನು ನಾನು, ಆದ್ದರಿಂದ ಹೊಗೆಯ ಕಡೆಯಿಂದ ಹೇಳುತ್ತೇನೆ. ಟಕೋಮದ ಕುಲುಮೆ ಸೀಸಕ್ಕಾಗಿ 1890ರಲ್ಲಿ ಶುರುವಾಯಿತು. 1905ರಲ್ಲಿ ಅಸಾರ್ಕೊ ಕಂಪನಿ ಕೊಂಡ ಮೇಲೆ ತಾಮ್ರದ ಕಡೆ ತಿರುಗಿತು. ಬೇರೆಯವರು ಮುಟ್ಟದ, ಆರ್ಸೆನಿಕ್ ತುಂಬಿದ ಅದಿರನ್ನು ಕರಗಿಸುವುದೇ ಅದರ ವಿಶೇಷತೆ. ಫಿಲಿಪ್ಪೀನ್ಸ್‌ನ ಲೆಪಾಂಟೊ ಗಣಿಯಿಂದ ಬರುತ್ತಿದ್ದ ಎನಾರ್ಗೈಟ್ ಎಂಬ ಖನಿಜದಲ್ಲಿ ತಾಮ್ರ, ಗಂಧಕ, ಆರ್ಸೆನಿಕ್ ಮೂರೂ ಒಂದೇ ಹರಳಿನೊಳಗೆ ಕಟ್ಟಿಕೊಂಡಿರುತ್ತವೆ. ಅದಿರನ್ನು ಹುರಿದಾಗ ಆರ್ಸೆನಿಕ್ ಆವಿಯಾಗಿ ಎದ್ದು ಆಮ್ಲಜನಕದೊಡನೆ ಸೇರಿ ಆರ್ಸೆನಿಕ್ ಟ್ರೈಆಕ್ಸೈಡ್ ಆಗುತ್ತದೆ. ಉದ್ದನೆಯ ಹೊಗೆದಾರಿಗಳಲ್ಲಿ, ಇಟ್ಟಿಗೆಯ ಕೋಣೆಗಳಲ್ಲಿ ಅದು ತಣ್ಣಗಾಗುತ್ತಾ ಗೋಡೆಗೆ ಬಿಳಿ ಹಿಟ್ಟಿನಂತೆ ಹತ್ತುತ್ತದೆ. ಅದನ್ನು ಕೆರೆದು ಶುದ್ಧಮಾಡಿ ಕೀಟನಾಶಕಕ್ಕೆ, ಮರ ಕೆಡದಂತೆ ಕಾಯುವ ರಾಸಾಯನಿಕಕ್ಕೆ, ಗಾಜಿನ ಕೈಗಾರಿಕೆಗೆ ಮಾರುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅಮೆರಿಕದಲ್ಲಿ ಆರ್ಸೆನಿಕ್ ತಯಾರಿಸುತ್ತಿದ್ದ ಏಕೈಕ ಕಾರ್ಖಾನೆ ಅದೇ ಆಗಿತ್ತು.

ಗೋಡೆಗೆ ಹತ್ತದೆ ಉಳಿದ ನುಣ್ಣನೆಯ ಧೂಳು ಚಿಮಣಿ ಹತ್ತಿ ಹೋಗುತ್ತಿತ್ತು. ಊರಿನವರ ದೂರು ಹೆಚ್ಚಾದಾಗ 1917ರಲ್ಲಿ 570 ಅಡಿಗಳಷ್ಟು ಎತ್ತರದ ಚಿಮಣಿ ಕಟ್ಟಿದರು. ಚಿಮಣಿ ಎತ್ತರವಾದರೆ ವಿಷ ಕಡಿಮೆಯಾಗುವುದಿಲ್ಲ, ಅದು ಬೀಳುವ ಊರು ಬದಲಾಗುತ್ತದೆ. ಹೊಗೆ ಬಿದ್ದ ಪ್ರದೇಶ ಇಂದು 1000 ಚದರ ಮೈಲಿ ಎಂದು ರಾಜ್ಯ ಸರ್ಕಾರ ಗುರುತಿಸಿದೆ. ಕೆಸುವಿನೆಲೆಯವರ ಹಿತ್ತಲು ಗಾಳಿಯ ದಾರಿಯಲ್ಲಿ ಬಿದ್ದದ್ದು, ಅಷ್ಟೇ. ತಾಮ್ರ ಕರಗಿಸುವುದು 1985ರಲ್ಲಿ ನಿಂತಿತು, ಆರ್ಸೆನಿಕ್ ತಯಾರಿಕೆ ಮರುವರ್ಷ. 1993ರ ಜನವರಿ 17ರಂದು ಚಿಮಣಿಯನ್ನು ಸ್ಫೋಟಿಸಿ ಬೀಳಿಸಿದರು, ಅದನ್ನು ನೋಡಲು ಜಾತ್ರೆಯಂತೆ ಜನ ಸೇರಿದ್ದರು.

ಅನ್ನಬ್ರಹ್ಮ
ಇಷ್ಟೆಲ್ಲ ಭಯ ಬೇಕೇ? ಆರ್ಸೆನಿಕ್ ನಾವು ದಿನವೂ ಉಣ್ಣುವ ಅಕ್ಕಿಯಲ್ಲೇ ಇದೆ. ಬಿಳಿ ಅಕ್ಕಿಯಲ್ಲಿ ಕಿಲೋಗೆ 100 ಮೈಕ್ರೋಗ್ರಾಂ ಆಸುಪಾಸು ಅಜೈವಿಕ ಆರ್ಸೆನಿಕ್ (ಇಂಗಾಲದೊಡನೆ ಸೇರದ, ಹೆಚ್ಚು ವಿಷದ ರೂಪ) ಸಾಮಾನ್ಯ. ಮೂರು ಹೊತ್ತೂ ಅನ್ನ ತಿನ್ನುವವರು ಹಿತ್ತಲ ಮಣ್ಣಿಗೆ ಹೆದರುವುದು ನಗೆ ತರಿಸುತ್ತದೆ. ಮಣ್ಣನ್ನು ಯಾರು ತಿನ್ನುತ್ತಾರೆ?

ಹಳೆ ಮೇಷ್ಟ್ರು
ಮೂರು ವರ್ಷದ ಮಕ್ಕಳು ತಿನ್ನುತ್ತಾರೆ, ಸ್ವಾಮಿ. ಬಾಯಿಗೆ ಹಾಕಿಕೊಂಡೇ ತಿನ್ನಬೇಕೆಂದಿಲ್ಲ, ಕೈ ಬಾಯಿಗೆ ಹೋಗುವುದೇ ಸಾಕು.

ಲೆಕ್ಕವನ್ನೇ ಮಾಡೋಣ. ಮಣ್ಣಿನಲ್ಲಿ ಆಡುವ ಮಗುವಿನ ಹೊಟ್ಟೆಗೆ ದಿನಕ್ಕೆ 200 ಮಿಲಿಗ್ರಾಂ ಮಣ್ಣು ಹೋಗುತ್ತದೆಂದು ಇಟ್ಟುಕೊಳ್ಳಿ, ಇದು ಗರಿಷ್ಠ ಮಟ್ಟದ ಅಂದಾಜು. 64 ಪಿಪಿಎಂ ಎಂದರೆ ಒಂದು ಗ್ರಾಂ ಮಣ್ಣಿನಲ್ಲಿ 64 ಮೈಕ್ರೋಗ್ರಾಂ, 200 ಮಿಲಿಗ್ರಾಂನಲ್ಲಿ 12.8. ಮಣ್ಣಿನಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಆ ಮಣ್ಣನ್ನೇ ಪರೀಕ್ಷಿಸಿದ ಅಂಕಿ ಇಲ್ಲದಿದ್ದರೆ 60 ಶೇಕಡ ಎಂದು ಹಿಡಿಯಿರಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಹಾಗಾದರೆ 7.7 ಮೈಕ್ರೋಗ್ರಾಂ. 14 ಕಿಲೋ ತೂಕದ ಮಗುವಿಗೆ ಕಿಲೋ ಒಂದಕ್ಕೆ ದಿನಕ್ಕೆ 0.55 ಆಯಿತು. ಬಹುಕಾಲ ಬಳಕೆಯಲ್ಲಿದ್ದ ಸುರಕ್ಷಿತ ಪ್ರಮಾಣ 0.3. ಅದೇ ಮಗು 50 ಗ್ರಾಂ ಅಕ್ಕಿಯ ಅನ್ನ ಉಂಡರೆ 5 ಮೈಕ್ರೋಗ್ರಾಂ. ಮಣ್ಣಿನದು ಅದಕ್ಕಿಂತ ಹೆಚ್ಚು ಮತ್ತು ಅದರ ಮೇಲೆ ಸೇರುವಂಥದ್ದು. ಅನ್ನದಲ್ಲಿ ಇದೆಯೆಂಬುದು ಮಣ್ಣಿನದನ್ನು ಸೇರಿಸಲು ರಹದಾರಿಯಲ್ಲ.

ಅನ್ನಬ್ರಹ್ಮ
ಲೆಕ್ಕ ಒಪ್ಪುತ್ತೇನೆ. ಆದರೆ 200 ಮಿಲಿಗ್ರಾಂ ವರ್ಷದ ಎಲ್ಲ ದಿನವೂ ಆಗುವುದಿಲ್ಲ. ಆ ಊರಿನ ಚಳಿಗಾಲದಲ್ಲಿ ಮಗುವನ್ನು ಯಾರು ಹೊರಗೆ ಬಿಡುತ್ತಾರೆ?

ಹಳೆ ಮೇಷ್ಟ್ರು
ಹೊರಗೆ ಬಿಡದಿದ್ದರೂ ಬೂಟಿಗೆ ಅಂಟಿದ ಮಣ್ಣು ಒಳಗೆ ಬಂದು ಕಾರ್ಪೆಟ್ಟಿನಲ್ಲಿ ಕೂರುತ್ತದೆ. ಅಂದಹಾಗೆ, ಅಕ್ಕಿಯ ಮಾತು ಬಂತೆಂದು ಹೇಳುತ್ತೇನೆ: ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಗಂಜಿ ಬಸಿದ ಅನ್ನದಲ್ಲಿ ಅಜೈವಿಕ ಆರ್ಸೆನಿಕ್ ಗಣನೀಯವಾಗಿ ಕಡಿಮೆಯಾಗುತ್ತದೆ, ಕುಕ್ಕರಿನ ಅನ್ನದಲ್ಲಿ ಎಲ್ಲವೂ ಒಳಗೇ ಉಳಿಯುತ್ತದೆ.

ಈಗ ಮೂಲ ಪ್ರಶ್ನೆ. ಮಳೆಗೆ ಏಕೆ ತೊಳೆದುಹೋಗಲಿಲ್ಲ? ತೊಳೆದುಹೋಗಲು ಅದು ನೀರಿನಲ್ಲಿರಬೇಕು, ಆದರೆ ಅದು ಕಣಕ್ಕೆ ಅಂಟಿಕೊಂಡಿದೆ. ಪ್ರಯೋಗಶಾಲೆಯವರು ಹೇಳಿದ ಕಬ್ಬಿಣದ ಕಣಗಳು ಆ ಆಮ್ಲೀಯ ಮಣ್ಣಿನಲ್ಲಿ ಧಾರಾಳವಾಗಿವೆ. ಆದ್ದರಿಂದ ಕದಲದ ಮಣ್ಣಿನಲ್ಲಿ ಹೊಗೆಯ ಆರ್ಸೆನಿಕ್‌ನ ಬಹುಪಾಲು ಇಂದಿಗೂ ಮೇಲಿನ ಆರಿಂಚಿನಲ್ಲೇ ಇರುತ್ತದೆ. ಇನ್ನೊಂದು ಮಾತನ್ನು ಮಕ್ಕಳಿಗೆ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ: ಅದು ಮೂಲವಸ್ತು. ಕೀಟನಾಶಕದ ಅಣು ಒಡೆದು ಬೇರೆಯಾಗಬಹುದು, ಪ್ಲಾಸ್ಟಿಕ್ ಕೂಡ ಒಡೆಯಬಹುದು, ಆರ್ಸೆನಿಕ್ ಒಡೆದು ಆಗುವುದಕ್ಕೆ ಬೇರೇನೂ ಇಲ್ಲ. ಜಾಗ ಬದಲಿಸಬಹುದು, ವೇಷ ಬದಲಿಸಬಹುದು, ಅಷ್ಟೇ.

ಒಂದೇ ಹಿತ್ತಲಿನಲ್ಲಿ ಮೂರು ಅಂಕಿ ಬಂದದ್ದು ಸಹಜ. ಸೀಡರ್ ಮರ ವರ್ಷವಿಡೀ ಹಸಿರಾಗಿದ್ದು ದಶಕಗಳ ಕಾಲ ಧೂಳನ್ನು ಜರಡಿಯಂತೆ ಹಿಡಿದು ಬುಡಕ್ಕೆ ಉದುರಿಸಿದೆ. ಅಲ್ಲಿ ಯಾರೂ ಗುದ್ದಲಿ ಹಾಕಿಲ್ಲ. ಪಾತಿಯ ಮಣ್ಣನ್ನು ಅಗೆದು ಕೆಳಗಿನ ಮಣ್ಣಿನೊಡನೆ ಬೆರೆಸಿದ್ದಾರೆ, ಆದ್ದರಿಂದ ತೆಳುವಾಗಿದೆ. ಮುಂದಿನ ಹುಲ್ಲುಹಾಸಿಗೆ ಬಹುಶಃ ಹೊರಗಿನಿಂದ ಮಣ್ಣು ತರಿಸಿದ್ದಾರೆ.

ಕೆಸುವಿನೆಲೆ
ಮೇಷ್ಟ್ರೇ, ಹುಲ್ಲುಹಾಸಿನ ವಿಷಯ ನೂರಕ್ಕೆ ನೂರು ಸರಿ. ಹಳೆಯ ಮಾಲೀಕರು ಗ್ಯಾರೇಜ್ ಕಟ್ಟಿಸಿದಾಗ ಎರಡು ಲಾರಿ ಮಣ್ಣು ತರಿಸಿದ್ದರಂತೆ. ಸೀಡರ್ ಬುಡದ ಮಣ್ಣು "ಕಾಡಿನ ಗೊಬ್ಬರ"ದಂತೆ ಕಪ್ಪಗಿದೆಯೆಂದು ನಾನೇ ಬುಟ್ಟಿಗಟ್ಟಲೆ ತಂದು ಪಾತಿಗೆ ಸುರಿದಿದ್ದೆ. ಈಗ ನೆನೆದರೆ ಹೊಟ್ಟೆ ತೊಳಸುತ್ತದೆ.

ಯೆಲ್ಲೋನೈಫ್ ಚಳಿ
ಮೇಷ್ಟ್ರ ವಿವರಣೆಗೆ ಒಂದು ತಿದ್ದುಪಡಿ. ಎಲ್ಲವೂ ಕಬ್ಬಿಣಕ್ಕೆ ಅಂಟಿ ಕುಳಿತಿದೆಯೆಂದು ತಿಳಿಯಬೇಡಿ. ನಾನಿರುವ ಕೆನಡಾದ ಯೆಲ್ಲೋನೈಫ್ ಊರಿನ ಜೈಂಟ್ ಗಣಿಯಲ್ಲಿ 1949ರಿಂದ 1999ರವರೆಗೆ ಚಿನ್ನದ ಅದಿರನ್ನು ಹುರಿದರು. ಹಿಡಿದಿಟ್ಟ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಧೂಳು ನೆಲದಡಿಯ ಕೋಣೆಗಳಲ್ಲಿದೆ, ಅದರ ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ ಇಡುವುದೇ ಈಗಿನ ಯೋಜನೆ. ಮೊದಲ ವರ್ಷಗಳಲ್ಲಿ ಹೊಗೆಯನ್ನು ಶೋಧಿಸುವ ಏರ್ಪಾಡಿಲ್ಲದೆ ಹೊರಬಿದ್ದ ಧೂಳು ಸುತ್ತಲಿನ ಬಂಡೆಗಳ ಸಂದಿನ ತೆಳು ಮಣ್ಣಿನಲ್ಲಿದೆ. ಆ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ 60 ವರ್ಷ ಕಳೆದರೂ ಟ್ರೈಆಕ್ಸೈಡ್‌ನ ಮೂಲ ಕಣಗಳೇ ಕರಗದೆ ಸಿಕ್ಕಿವೆ.

ಇದು ಏಕೆ ಮುಖ್ಯವೆಂದರೆ ಕಬ್ಬಿಣಕ್ಕೆ ಅಂಟಿದ ಆರ್ಸೆನಿಕ್‌ಗಿಂತ ಟ್ರೈಆಕ್ಸೈಡ್ ಕಣ ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗುತ್ತದೆ. ಎರಡು ಹಿತ್ತಲಿನಲ್ಲೂ 64 ಪಿಪಿಎಂ ಎಂದು ವರದಿ ಬಂದರೂ ಒಂದರಲ್ಲಿ ಅಪಾಯ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಬಹುದು. ಬರೀ ಒಟ್ಟು ಅಂಕಿಯನ್ನು ಹಿಡಿದು ಜಗಳವಾಡುವುದು ಅರ್ಧ ಜಗಳ.

ಹಳೆ ಮೇಷ್ಟ್ರು
ತಿದ್ದುಪಡಿ ಸ್ವೀಕೃತ. ಆದರೆ ಯೆಲ್ಲೋನೈಫಿನ ಚಳಿ ಮತ್ತು ಒಣಹವೆಯಲ್ಲಿ ಕಣ ಉಳಿದಿದೆಯೆಂದು ಮಳೆಯ ಟಕೋಮದಲ್ಲೂ ಅಷ್ಟೇ ಉಳಿದಿರುತ್ತದೆ ಎನ್ನಲಾಗದು.

ಯೆಲ್ಲೋನೈಫ್ ಚಳಿ
ಅದನ್ನು ಒಪ್ಪುತ್ತೇನೆ.

ಕೋಲಾರದ ಹುಡುಗ
ನಮ್ಮ ಕೆಜಿಎಫ್‌ನ ಸೈನೈಡ್ ಗುಡ್ಡಗಳ ಕಥೆಯೂ ಇದೇ ಅಲ್ಲವೇ? ಬೇಸಿಗೆಯ ಗಾಳಿಗೆ ಆ ಬಿಳಿ ಧೂಳು ಮನೆಯೊಳಗಿನ ಪಾತ್ರೆಯ ಮೇಲೂ ಕೂರುತ್ತದೆ.

ಕುಲುಮೆ
ಧೂಳಿನ ಕಷ್ಟ ಒಂದೇ, ರಸಾಯನ ಬೇರೆ. ನಿಮ್ಮ ಗುಡ್ಡಗಳು ಚಿಮಣಿಯಿಂದ ಬಿದ್ದವಲ್ಲ, ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ. ಅದರೊಳಗಿನ ಸೈನೈಡ್ ಇಂಗಾಲ ಮತ್ತು ಸಾರಜನಕ ಸೇರಿ ಆದದ್ದು, ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆಯುತ್ತದೆ. ಮೇಷ್ಟ್ರು ಹೇಳಿದಂತೆ ಆರ್ಸೆನಿಕ್‌ಗೆ ಆ ಭಾಗ್ಯವಿಲ್ಲ.

ಸಿಂಧನೂರಿನವ
ಕರ್ನಾಟಕದ ನಿಜವಾದ ಆರ್ಸೆನಿಕ್ ಕಥೆ ನಮ್ಮ ಕಡೆಯದು. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನೊಪೈರೈಟ್ ಇದೆ, ಅಂದರೆ ಕಬ್ಬಿಣ, ಆರ್ಸೆನಿಕ್, ಗಂಧಕ ಕೂಡಿದ ಖನಿಜ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಊರಿನಲ್ಲಿ ಹಿಂದೆ ಚಿನ್ನದ ಗಣಿಯಿತ್ತು, ಕರಾವಳಿಯ ಮಂಗಳೂರಲ್ಲ. ಅದರ ಸಮೀಪದ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿದ್ದು ಗೊತ್ತಾಗುವ ಹೊತ್ತಿಗೆ ಜನರ ಅಂಗೈ ಅಂಗಾಲುಗಳು ಗಂಟುಗಟ್ಟಿ ಬಿರುಕುಬಿಟ್ಟಿದ್ದವು, ಕೆಲವರಿಗೆ ಕ್ಯಾನ್ಸರ್ ಕೂಡ ಆಗಿತ್ತು. ಅಮೆರಿಕದ ಹಿತ್ತಲ ಚರ್ಚೆಗೆ ಇರುವ ಜಾಗ ಆ ತಾಂಡಾಕ್ಕೂ ಇರಲಿ.

ನಿರ್ವಾಹಕ
ಅದು ಬಹಳ ಮುಖ್ಯವಾದ ವಿಷಯ, ಆದರೆ ಅಲ್ಲಿ ವಿಷದ ದಾರಿ ಅಂತರ್ಜಲ, ಕುಲುಮೆಯ ಹೊಗೆಯಲ್ಲ. ದಯವಿಟ್ಟು ಅದಕ್ಕೆ ಬೇರೆ ಎಳೆ ತೆರೆಯಿರಿ, ನಾನೇ ಮೇಲೆ ಅಂಟಿಸಿಡುತ್ತೇನೆ. ಇಲ್ಲಿ ಮಣ್ಣಿಗೆ ಮರಳೋಣ.

ಪದಪ್ರಿಯ
ನಿರ್ವಾಹಕರು ಮುನಿಯುವ ಮೊದಲು ಒಂದೇ ಮಾತು. ಕುಲುಮೆಯವರು ಹೇಳಿದ ಗೋಡೆಗೆ ಹತ್ತುವ ಆ ಬಿಳಿ ಹಿಟ್ಟಿಗೆ ನಮ್ಮಲ್ಲಿ ಶಂಖಪಾಷಾಣ ಎಂಬ ಹೆಸರಿದೆ. ಹಳದಿ ಖನಿಜಕ್ಕೆ ಹರಿತಾಳ, ಕೆಂಪಿಗೆ ಮಣಿಶಿಲೆ. ಮೂರೂ ಆರ್ಸೆನಿಕ್‌ನವೇ.

ಪ್ರಯೋಗಶಾಲೆ
ಕೆಸುವಿನೆಲೆ ಅವರೇ, ನಿಮ್ಮ ಹೆಸರು ನೋಡಿದಾಗಿನಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ನಿಜವಾಗಿಯೂ ಕೆಸು ಬೆಳೆದಿದ್ದೀರಾ? ಎಲ್ಲಿ?

ಕೆಸುವಿನೆಲೆ
ಹೌದು, ಪತ್ರೊಡೆಗೆಂದು ಹೋದ ಬೇಸಿಗೆಯಲ್ಲಿ ನೆಟ್ಟಿದ್ದೆ. ಕೆಸುವಿಗೆ ನೀರು ಬೇಕಲ್ಲ, ಅದಕ್ಕೇ ಸೂರಿನ ನೀರಿನ ಕೊಳವೆ ಬಂದು ಬೀಳುವ ತಗ್ಗಿನ ಮೂಲೆಯನ್ನು ಆರಿಸಿದೆ. ಸೀಡರ್ ಮರದ ಇಳಿಜಾರೂ ಅದೇ ಕಡೆಗಿದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ನೀರು ನಿಂತಿರುತ್ತದೆ.

ಪ್ರಯೋಗಶಾಲೆ
ಆ ನಿಂತ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪದರ, ಬದಿಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಾಣುತ್ತದೆಯೇ? ಕಂಡರೆ ಒಂದು ಕಡ್ಡಿಯಿಂದ ಪದರವನ್ನು ಕೆದಕಿ ನೋಡಿ.

ಕೆಸುವಿನೆಲೆ
ಈಗಷ್ಟೇ ಹೋಗಿ ನೋಡಿ ಬಂದೆ. ಎರಡೂ ಇವೆ. ಪಕ್ಕದ ಮನೆಯ ಕಾರಿನ ಎಣ್ಣೆಯೆಂದು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಕಡ್ಡಿ ಹಾಕಿದಾಗ ಪದರ ಗಾಜಿನಂತೆ ಚೂರುಚೂರಾಯಿತು, ಮತ್ತೆ ಕೂಡಿಕೊಳ್ಳಲಿಲ್ಲ.

ಪ್ರಯೋಗಶಾಲೆ
ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಚೂರಾಯಿತೆಂದರೆ ಅದು ಕಬ್ಬಿಣ, ನೆರೆಯವರನ್ನು ಕ್ಷಮಿಸಿಬಿಡಿ.

ನೀರು ನಿಂತ ಮಣ್ಣಿನೊಳಗೆ ಗಾಳಿ ಹೋಗುವುದಿಲ್ಲ. ಅಲ್ಲಿಯ ಸೂಕ್ಷ್ಮಜೀವಿಗಳು ಆಮ್ಲಜನಕ ಮುಗಿದ ಮೇಲೆ ಕಬ್ಬಿಣದ ತುಕ್ಕನ್ನೇ ಬಳಸಿ ಬದುಕುತ್ತವೆ, ಆಗ ತುಕ್ಕು ಕರಗಿ ನೀರಿಗೆ ಬರುತ್ತದೆ. ಆರ್ಸೆನಿಕ್ ಕುಳಿತಿದ್ದ ಕುರ್ಚಿಯೇ ಕರಗಿಹೋಯಿತೆಂದು ತಿಳಿಯಿರಿ. ಎದ್ದ ಆರ್ಸೆನೇಟ್ ಆರ್ಸೆನೈಟ್ ಎಂಬ ಇನ್ನೊಂದು ರೂಪವಾಗಿ ವೇಷ ಬದಲಿಸುತ್ತದೆ. ಅದಕ್ಕೆ ವಿದ್ಯುದಂಶದ ಕಟ್ಟು ಕಡಿಮೆ, ಚಲನೆ ಹೆಚ್ಚು, ವಿಷವೂ ಹೆಚ್ಚು. ಬಂಗಾಳದ ಕೊಳವೆಬಾವಿಗಳ ದುರಂತದ ಹಿಂದೆಯೂ ಇರುವುದು ಕಬ್ಬಿಣ ಕರಗುವ ಇದೇ ಕ್ರಿಯೆ. ಅಲ್ಲಿ ಆರ್ಸೆನಿಕ್ ಹಿಮಾಲಯದಿಂದ ನದಿ ತಂದದ್ದು, ನಿಮ್ಮಲ್ಲಿ ಚಿಮಣಿ ತಂದದ್ದು. ಭತ್ತದ ಗದ್ದೆಯಲ್ಲೂ ಹೀಗೆಯೇ ಆಗುತ್ತದೆ. ಭತ್ತದ ಬೇರು ಸಿಲಿಕಾ ಹೀರಲು ಇಟ್ಟುಕೊಂಡಿರುವ ಬಾಗಿಲಿನಿಂದಲೇ ಆರ್ಸೆನೈಟ್ ಒಳಗೆ ನುಗ್ಗುತ್ತದೆ. ಅನ್ನಬ್ರಹ್ಮ ಅವರು ಕೇಳಿದ ಅಕ್ಕಿಯ ಆರ್ಸೆನಿಕ್‌ಗೆ ಅದೇ ಕಾರಣ.

ನನ್ನ ದೃಷ್ಟಿಯಲ್ಲಿ ನಿಮ್ಮ ಹಿತ್ತಲಿನಲ್ಲಿ ಮೊದಲು ನೋಡಬೇಕಾದದ್ದು 140 ಬಂದ ಮರದ ಬುಡವಲ್ಲ, ನೀವು ಪರೀಕ್ಷೆಗೇ ಕಳಿಸದ ಈ ಮೂಲೆ.

ತೋಟದ ಹುಚ್ಚ
ಬೇಸಿಗೆಯಲ್ಲಿ ಮೂಲೆ ಒಣಗುತ್ತದಲ್ಲ. ಆಗ ಗಾಳಿ ತಾಗಿ ಕಬ್ಬಿಣ ಮತ್ತೆ ತುಕ್ಕಾಗಿ ಆರ್ಸೆನಿಕ್ ಅನ್ನು ಹಿಡಿದುಕೊಳ್ಳುತ್ತದೆ. ಆ ಕಿತ್ತಳೆ ಲೋಳೆ ಅದೇ ತಾನೇ? ಅಂದರೆ ಮಣ್ಣು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿದೆ. ಈ ಬಾರಿ ನಾನು ಓದಿಕೊಂಡೇ ಬಂದಿದ್ದೇನೆ.

ಪ್ರಯೋಗಶಾಲೆ
ಓದಿಕೊಂಡು ಬಂದದ್ದಕ್ಕೆ ಧನ್ಯವಾದ, ನೀವು ಹೇಳಿದ್ದು ಅರ್ಧ ನಿಜ. ಕಿತ್ತಳೆ ಲೋಳೆ ಆರ್ಸೆನಿಕ್ ಹಿಡಿಯುತ್ತದೆ. ಆದರೆ ಮತ್ತೆ ಹಿಡಿದದ್ದು ಹಳೆಯ ಜಾಗದಲ್ಲಲ್ಲ, ನೀರು ಹೊರಬಂದು ಗಾಳಿ ತಾಗಿದ ಅಂಚಿನಲ್ಲಿ. ಪ್ರತಿ ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಅಂಚಿಗೆ ಬಂದು ಕೂಡುತ್ತದೆ, ಮರುವರ್ಷ ಮತ್ತೆ ಕರಗುತ್ತದೆ. ಒಣಗಿದ ಲೋಳೆ ಪುಡಿಯಾದರೆ ಮಗುವಿನ ಕೈಗೆ ಬಹಳ ಸುಲಭವಾಗಿ ಅಂಟುತ್ತದೆ.

ಜರೀಗಿಡ
ಪ್ಟೆರಿಸ್ ವಿಟ್ಟಾಟ ಎಂಬ ಜರೀಗಿಡ ಮಣ್ಣಿನ ಆರ್ಸೆನಿಕ್ ಅನ್ನು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆಂದು 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ಪ್ರಕಟಿಸಿದರು. ಎಲೆಯ ಒಣತೂಕದ ಶೇಕಡ 2ಕ್ಕಿಂತ ಹೆಚ್ಚು ಆರ್ಸೆನಿಕ್ ತುಂಬಿಕೊಂಡದ್ದೂ ಉಂಟು. ನಮ್ಮ ಮಲೆನಾಡಿನ ಹಳೆಯ ಬಾವಿಯ ಕಟ್ಟೆ, ಗಾರೆಯ ಗೋಡೆಗಳ ಬಿರುಕಿನಲ್ಲಿ ತಾನಾಗಿ ಬೆಳೆಯುವ ಏಣಿಯಂಥ ಎಲೆಯ ಜರೀಗಿಡ ಅದೇ. ಅದನ್ನು ನೆಡಬಾರದೇ?

ತೋಟದ ಹುಚ್ಚ
ಫೆಡರಲ್ ವೇಯ ಹಿಮಕ್ಕೆ ಅದು ಉಳಿಯುವುದಿಲ್ಲ. ನಾನು ಕುಂಡದಲ್ಲಿ ಸಾಯಿಸಿ ನೋಡಿದ್ದೇನೆ.

ಪ್ರಯೋಗಶಾಲೆ
ಉಳಿದರೂ 64ನ್ನು 20ಕ್ಕೆ ಇಳಿಸಲು ವರ್ಷಗಳೇ ಬೇಕು, ಕಟಾವು ಮಾಡಿದ ಎಲೆಯನ್ನು ವಿಷವೆಂದೇ ವಿಲೇವಾರಿ ಮಾಡಬೇಕು. ಮಗು ಇರುವ ಮನೆಗೆ ಅದು ಉತ್ತರವಲ್ಲ.

ಕೆಸುವಿನೆಲೆ
ಇನ್ನೊಂದು ಗೊಂದಲ. ಗೆಳತಿಯೊಬ್ಬಳು ಆಫೀಸಿನಿಂದ ತಂದ, ಪಿಸ್ತೂಲಿನಂತೆ ಹಿಡಿಯುವ ಎಕ್ಸ್‌ರೇ ಯಂತ್ರದಲ್ಲಿ ಅದೇ ಪಾತಿ 95 ತೋರಿಸಿತು. ಪ್ರಯೋಗಾಲಯದ ವರದಿಯಲ್ಲಿ 64. ಯಾವುದನ್ನು ನಂಬಲಿ?

ಪ್ರಯೋಗಶಾಲೆ
ಆ ಯಂತ್ರ ಪ್ರತಿ ಮೂಲವಸ್ತುವನ್ನು ಅದು ಸೂಸುವ ಎಕ್ಸ್‌ರೇ ಶಕ್ತಿಯ ಗೆರೆಯಿಂದ ಗುರುತಿಸುತ್ತದೆ, ಆದರೆ ಆರ್ಸೆನಿಕ್‌ನ ಮುಖ್ಯ ಗೆರೆ ಮತ್ತು ಸೀಸದ ಗೆರೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ, 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ. ಸೀಸ ಹೆಚ್ಚಿರುವ ಮಣ್ಣಿನಲ್ಲಿ ಯಂತ್ರ ಲೆಕ್ಕ ಹಾಕಿ ಬೇರ್ಪಡಿಸುತ್ತದೆ, ಆ ಲೆಕ್ಕದಲ್ಲಿ ತಪ್ಪು ನುಸುಳುತ್ತದೆ. ಒದ್ದೆ ಮಣ್ಣಾದರೆ ಅಂಕಿ ಇನ್ನೂ ಕೆಡುತ್ತದೆ. ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಹುಡುಕಲು ಯಂತ್ರ ಒಳ್ಳೆಯದು, ತೀರ್ಮಾನಕ್ಕೆ ಪ್ರಯೋಗಾಲಯವನ್ನೇ ನಂಬಿ.

ಅನ್ನಬ್ರಹ್ಮ
ಸರ್ಕಾರವೇ ಬಂದು ಮಣ್ಣು ತೆಗೆಯಬಾರದೇ? ಹೊಗೆ ಬಿಟ್ಟ ಕಂಪನಿಯಿಂದ ಹಣ ವಸೂಲಾಗಿದೆಯೆಂದು ಓದಿದ್ದೆ.

ಕುಲುಮೆ
ಆಗಿದೆ. ಕಂಪನಿ 2005ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಇತ್ಯರ್ಥದಲ್ಲಿ ಹೊಗೆ ಹರಡಿದ ಪ್ರದೇಶದ ಶುದ್ಧೀಕರಣಕ್ಕೆ ಸುಮಾರು 9.4 ಕೋಟಿ ಡಾಲರ್ ಬಂತು. ಅದನ್ನು ಕುಲುಮೆಗೆ ಹತ್ತಿರದ, ಅತಿ ಹೆಚ್ಚು ವಿಷವಿರುವ ಮನೆಗಳಿಗೆ, ಶಾಲೆ ಮತ್ತು ಶಿಶುವಿಹಾರದ ಆಟದ ಅಂಗಳಗಳಿಗೆ ಬಳಸಿದ್ದಾರೆ. ಕುಲುಮೆಯ ಸುತ್ತಲಿನ ಮನೆಗಳಲ್ಲಿ ಮಣ್ಣು ತೆಗೆಯಲು ಕೇಂದ್ರ ಸರ್ಕಾರದ ಆ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟ ಗೆರೆಯೇ 230 ಪಿಪಿಎಂ. ಹತ್ತು ಮೈಲಿ ದೂರದ 64ಕ್ಕೆ ಅವರ ಗುದ್ದಲಿ ಬರುವುದಿಲ್ಲ. 1000 ಚದರ ಮೈಲಿಯ ಆರಿಂಚು ಮಣ್ಣನ್ನು ತೆಗೆದು ಎಲ್ಲಿ ಹಾಕುತ್ತೀರಿ, ಹೇಳಿ.

ಕೋಲಾರದ ಹುಡುಗ
ತುಕ್ಕು ಮೊಳೆ ಹೂತರೆ ಕಬ್ಬಿಣ ಸಿಗುತ್ತದಲ್ಲ?

ಪ್ರಯೋಗಶಾಲೆ
ಯೋಚನೆ ಸರಿ, ಪ್ರಮಾಣ ತಪ್ಪು. ಕಬ್ಬಿಣ ಸೇರಿಸಿ ಆರ್ಸೆನಿಕ್ ಕಟ್ಟುವ ಕ್ರಮ ನಿಜವಾಗಿಯೂ ಇದೆ, ಆದರೆ ಅದಕ್ಕೆ ನುಣ್ಣನೆಯ ಕಬ್ಬಿಣದ ಸಂಯುಕ್ತವನ್ನು ಮಣ್ಣಿನ ತೂಕದ ಶೇಕಡವಾರು ಲೆಕ್ಕದಲ್ಲಿ ಬೆರೆಸಬೇಕು. ನಾಲ್ಕು ಮೊಳೆಯಿಂದ ಆಗುವುದು ಕಾಲಿಗೆ ಗಾಯ. ಮತ್ತು ನೀರು ನಿಲ್ಲುವ ಮೂಲೆಯಲ್ಲಿ ಎಷ್ಟು ಕಬ್ಬಿಣ ಹಾಕಿದರೂ ಅದು ಕರಗುವುದೇ.

ಹಳೆ ಮೇಷ್ಟ್ರು
ತರಕಾರಿಯ ಬಗ್ಗೆ ಯಾರೂ ಹೇಳಲಿಲ್ಲ. ಹೆಚ್ಚಿನ ಗಿಡಗಳು ಆರ್ಸೆನಿಕ್ ಅನ್ನು ಬೇರಿನಲ್ಲೇ ಕಟ್ಟಿಹಾಕುತ್ತವೆ. ಟೊಮೆಟೊ, ಹುರುಳಿಕಾಯಿ, ಬದನೆಯಂಥ ಕಾಯಿಗಳಿಗೆ ಬರುವುದು ಅತ್ಯಲ್ಪ. ಮೂಲಂಗಿ, ಗಜ್ಜರಿ, ಸೊಪ್ಪುಗಳಲ್ಲಿ ಹೆಚ್ಚು, ಅದರಲ್ಲೂ ಅಂಟಿಕೊಂಡ ಮಣ್ಣಿನದೇ ದೊಡ್ಡ ಪಾಲು. ಕೊತ್ತಂಬರಿ, ಮೆಂತ್ಯ, ಹರಿವೆಯನ್ನು ಬುಡಸಮೇತ ಕಿತ್ತು ಒಂದೇ ನೀರಿನಲ್ಲಿ ಜಾಲಿಸುವ ನಮ್ಮ ಅಭ್ಯಾಸ ಆ ಮಣ್ಣಿಗೆ ಹೇಳಿದ್ದಲ್ಲ. ಸೊಪ್ಪನ್ನು ಹೊಸ ಮಣ್ಣು ತುಂಬಿದ ಎತ್ತರದ ಪಾತಿಯಲ್ಲಿ ಬೆಳೆಯಿರಿ.

ಕುಲುಮೆ
ಎತ್ತರದ ಪಾತಿಗೆ ಹಳೆಯ ಹಸಿರು ಛಾಯೆಯ ಮರದ ಹಲಗೆಯನ್ನು ಬಳಸಬೇಡಿ. 2003ರ ಕೊನೆಯವರೆಗೂ ಅಮೆರಿಕದಲ್ಲಿ ಮನೆಬಳಕೆಯ ಹಲಗೆಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ದ್ರಾವಣ ಹಾಯಿಸುತ್ತಿದ್ದರು. ಟಕೋಮದ ಬಿಳಿ ಹಿಟ್ಟು ಹೋಗುತ್ತಿದ್ದ ಜಾಗಗಳಲ್ಲಿ ಅದೂ ಒಂದು. ಚಿಮಣಿಯಿಂದ ತಪ್ಪಿಸಿಕೊಂಡು ಹಲಗೆಯ ಕೈಗೆ ಸಿಕ್ಕಂತಾಗುತ್ತದೆ.

ಕೆಸುವಿನೆಲೆ
ಗ್ಯಾರೇಜಿನ ಹಿಂದೆ ಅಂಥವೇ ಆರು ಹಲಗೆಗಳಿವೆ, ನಾಳೆ ಅದರಿಂದಲೇ ಪಾತಿ ಕಟ್ಟುವುದೆಂದು ಯಜಮಾನರು ಅಳತೆ ಕೂಡ ತೆಗೆದಿದ್ದರು. ಈಗಲೇ ಹೋಗಿ ತಡೆಯುತ್ತೇನೆ.

ಕೆಸುವಿನೆಲೆ
ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಮೂಲೆಯ ಮಣ್ಣಿನ ವರದಿ ಬಂತು. ಕಿತ್ತಳೆ ಲೋಳೆ ಕೂಡಿದ ಅಂಚಿನಲ್ಲಿ 210, ಅದರಿಂದ ಮೂರಡಿ ಈಚೆಗೆ ನೀರು ನಿಲ್ಲುವ ನಡುಭಾಗದಲ್ಲಿ 85. ಪ್ರಯೋಗಶಾಲೆಯವರು ಹೇಳಿದಂತೆಯೇ ಅಂಚಿನಲ್ಲಿ ಕೂಡಿಕೊಂಡಿದೆ ಎಂದೇ ನಾನು ಓದಿಕೊಂಡೆ. ಸೂರಿನ ಕೊಳವೆಗೆ ಉದ್ದನೆಯ ಪೈಪು ಜೋಡಿಸಿ ನೀರನ್ನು ಬೀದಿಯ ಚರಂಡಿಗೆ ತಿರುಗಿಸಿದ್ದೇವೆ. ಮೂಲೆಗೆ ಬಟ್ಟೆ ಹಾಸಿ ಮೇಲೆ ಜಲ್ಲಿ ಸುರಿದಿದ್ದೇವೆ. ಸೀಡರ್ ಬುಡಕ್ಕೆ ದಪ್ಪನೆಯ ಮರದ ಹೊಟ್ಟು ಹೊದಿಸಿ ಬೇಲಿ ಕಟ್ಟಿಯಾಯಿತು. ಮಗಳಿಗೆ ಮುಚ್ಚಳವಿರುವ ಮರಳಿನ ಪೆಟ್ಟಿಗೆ ಬಂದಿದೆ. ಮೊದಲ ದಿನವೇ ಅದರಿಂದ ಎದ್ದು ಜಲ್ಲಿಯ ಕಡೆಗೆ ಓಡಿದಳು.

ಬೂಟುಗಳು ಈಗ ಬಾಗಿಲ ಹೊರಗೆ. ಮೂಳೆಪುಡಿಯ ಚೀಲವನ್ನು ಅಂಗಡಿಗೆ ಹಿಂದಿರುಗಿಸಿದೆ. ಪಕ್ಕದ ಮನೆಯ ಹಿರಿಯರಿಗೆ ವಿಷಯವನ್ನು ಹೇಗೆ ಹೇಳುವುದೆಂದು ಇನ್ನೂ ತಿಳಿದಿಲ್ಲ. ಅವರು 20 ವರ್ಷದಿಂದ ಪ್ರತಿ ವಸಂತದಲ್ಲೂ ಹಾಕುತ್ತಿದ್ದಾರೆ, ಅವರ ಹಿತ್ತಲಿನ ಇಳಿಜಾರು ನಮ್ಮ ಕಡೆಗಿದೆ.

ತೋಟದ ಹುಚ್ಚ
ನನ್ನ ವರದಿಯೂ ಬಂತು: 9 ಪಿಪಿಎಂ. ಎರಡು ಚೀಲ ಮೂಳೆಪುಡಿ ದಂಡ, ಆದರೆ ಗುಲಾಬಿ ಚೆನ್ನಾಗಿದೆ.

ಹಳೆ ಮೇಷ್ಟ್ರು
ಕೆಸುವಿನ ಗತಿ ಏನಾಯಿತು, ತಾಯಿ?

ಕೆಸುವಿನೆಲೆ
ಹಳೆಯ ಗೆಡ್ಡೆಗಳನ್ನು ಕಸಕ್ಕೆ ಹಾಕಿದೆ, ಮೇಷ್ಟ್ರೇ. ಅಂಗಡಿಯಿಂದ ಹೊಸ ಗೆಡ್ಡೆ ತಂದು, ಚೀಲದ ಮಣ್ಣು ತುಂಬಿದ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಿದ್ದೇನೆ. ನಿನ್ನೆ ಮೊದಲ ಸುರುಳಿ ಎಲೆ ಬಿಟ್ಟಿದೆ.